ಸತ್ತ ಯಂತ್ರದ ಮೇಲೆ ಒಂದು ತಾಸು

ಹೋದ ವರ್ಷ ತೊಗರಿ ಹೂ ಕಳೆದು ಕಾಯಿ ಕಚ್ಚುವ ದಿನಗಳಲ್ಲಿ ಕಮಲಾಪುರದ ನಮ್ಮ ಕಾಕಾ ಒಂದು ಮಧ್ಯಾಹ್ನ ಹೆಚ್ಚುಕಡಿಮೆ ಒಂದು ತಾಸು ಸತ್ತ ಲ್ಯಾಪ್‌ಟಾಪಿನ ಮೇಲೆ ಬರೆದರು. ಯಂತ್ರ ಯಾವಾಗ ಆರಿತೋ ಅವರಿಗೆ ಗೊತ್ತಾಗಲಿಲ್ಲ, ಏಕೆಂದರೆ ಕಾಕಾನಿಗೆ ಕಣ್ಣು ಕಾಣುವುದಿಲ್ಲ. ಎದುರಿಗೇ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದ ಕಾಕುವಿಗೂ ಗೊತ್ತಾಗಲಿಲ್ಲ. ಆಕೆಯ ಕಣ್ಣು ಇಂದಿಗೂ ಸೂಜಿಗೆ ದಾರ ಪೋಣಿಸುವಷ್ಟು ಚುರುಕು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ, ಕಾಕು ಅವರ ಹೆಂಡತಿ. ಕಾಕಾ ಕಮಲಾಪುರದ ಶಾಲೆಯಲ್ಲಿ ಕನ್ನಡ ಮಾಸ್ತರರಾಗಿದ್ದವರು. ನೌಕರಿ ಮುಗಿಯಲು ಕೆಲವೇ ವರ್ಷ ಉಳಿದಿರುವಾಗ ಕಣ್ಣಿನ ಒತ್ತಡ ಏರಿ, ಮೊದಲು ಅಂಚುಗಳು ಹೋದವು, ಆಮೇಲೆ ನಡುವೂ ಹೋಯಿತು. ನಾನು ಕಲಬುರಗಿಯ ಕುಸನೂರಿನಲ್ಲಿ ಮನೆ ಮಾಡಿಕೊಂಡು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಆಗ ನಾನು ಬಳಸಿ ಬಿಟ್ಟಿದ್ದ ಒಂದು ದಪ್ಪನೆಯ ಲ್ಯಾಪ್‌ಟಾಪಿಗೆ, ಒತ್ತಿದ ಅಕ್ಷರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಹಾಕಿಸಿ ಅವರಿಗೆ ಕೊಟ್ಟೆ. ಬೆರಳಿಗೆ ಜಾಗ ತಿಳಿಯಲೆಂದು ಕಾಕು ಎರಡು ಕೀಲಿಗಳ ಮೇಲೆ ಒಂದೊಂದು ಎಳ್ಳಿನ ಕಾಳನ್ನು ಗೋಂದಿನಿಂದ ಅಂಟಿಸಿದಳು. ಉದುರಿದಾಗಲೆಲ್ಲ ಮತ್ತೊಂದು ಅಂಟಿಸುತ್ತಾಳೆ. ಆರು ತಿಂಗಳಲ್ಲಿ ಕಾಕಾ ನನಗಿಂತ ಬೇಗ ಟೈಪು ಮಾಡತೊಡಗಿದರು.

ಅದರ ತೆರೆಯನ್ನು ನಾವು ಪೂರ್ತಿ ಕಪ್ಪು ಮಾಡಿ ಇಟ್ಟಿದ್ದೆವು. ನೋಡದವರಿಗೆ ಬೆಳಕು ಯಾಕೆ, ಅಷ್ಟು ಬ್ಯಾಟರಿಯಾದರೂ ಉಳಿಯಲಿ ಎಂಬುದು ನನ್ನದೇ ಜಾಣತನ. ಹೀಗಾಗಿ ಆ ಯಂತ್ರ ಬದುಕಿದ್ದರೂ ಕಪ್ಪು, ಸತ್ತರೂ ಕಪ್ಪು. ಅದು ಜೀವಂತ ಇದೆ ಎಂದು ಹೇಳುವುದು ಅದರ ದನಿ ಮಾತ್ರ.

ಆ ದನಿಯದೊಂದು ಕಥೆಯೇ ಇದೆ. ಮೂಗಿನಲ್ಲಿ ಮಾತಾಡುವ ಗುಮಾಸ್ತನೊಬ್ಬ ಒಳಗೆ ಕೂತಂತೆ ಅಕ್ಷರ ಅಕ್ಷರ ಒದರುತ್ತದೆ. ಕಾಕಾ ಬರೆಯುವುದು ಹಿತ್ತಲಿಗೂ ಕೇಳುತ್ತದೆ, ಓಣಿಗೂ ಕೇಳುತ್ತದೆ. ಒಮ್ಮೆ ಅವರು ಪಿಂಚಣಿ ಕಚೇರಿಗೆ ಅರ್ಜಿ ಬರೆಯುತ್ತಿರುವಾಗ, ಅದು ಮುಗಿಯುವ ಮೊದಲೇ ಪಕ್ಕದ ಮನೆಯವರು ಬಾಗಿಲಿಗೆ ಬಂದು, ಮಾಸ್ತರ್, ಕೊನಿಗೆ 'ತಮ್ಮ ವಿಧೇಯ' ಅಂತ ಬ್ಯಾಡ, ನಮ್ಮಂಥವರು ಇನ್ನೆಷ್ಟು ವಿಧೇಯ ಆಗಬೇಕು ಎಂದು ಸಲಹೆ ಕೊಟ್ಟು ಹೋದರಂತೆ. ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನ್ ತಂದುಕೊಟ್ಟರೆ ಕಾಕಾ ಒಲ್ಲೆ ಎಂದರು. ಕಣ್ಣಿನ ಮೇಲೆ ಕಿವಿಯೂ ಮುಚ್ಚಿದರೆ ತಾವು ಎಲ್ಲಿ ಕೂತಿದ್ದೇವೆ ಎಂಬುದೇ ಮರೆಯುತ್ತದೆ ಎನ್ನುತ್ತಾರೆ.

ಆ ಮಧ್ಯಾಹ್ನ ಅವರು ದನಿಯನ್ನು ಬಂದ್ ಮಾಡಿ ಬರೆಯುತ್ತಿದ್ದರು. ಯಾಕೆ ಬಂದ್ ಮಾಡಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಬರೆದು ಮುಗಿಸಿ, ಹೇಗಾಗಿದೆ ಕೇಳೋಣ ಎಂದು ದನಿ ತೆರೆಯುವ ಕೀಲಿ ಒತ್ತಿದರೆ ಉತ್ತರವಿಲ್ಲ. ಮತ್ತೆ ಒತ್ತಿದರು. ಯಂತ್ರದ ಹೊಟ್ಟೆಗೆ ಅಂಗೈ ಹಚ್ಚಿ ನೋಡಿದರೆ ತಣ್ಣಗಾಗಿತ್ತು.

ಸಂಜೆ ನನಗೆ ಫೋನು ಬಂತು. "ಯವ್ವಾ, ಮಷಿನ್ ಸತ್ತು ಎಷ್ಟೊತ್ತಾಗಿತ್ತೋ ಏನೋ, ತಾಸರೆ ಆಗಿರಬೇಕು. ನಾ ಮಾತ್ರ ಬರಕೋತ ಕುಂತಿದ್ದೆ" ಎಂದರು. ನಕ್ಕೇ ಹೇಳಿದರು. ಆದರೆ ಆ ನಗು ನನಗೆ ಸರಿಬರಲಿಲ್ಲ. ಭಾನುವಾರ ಹುಮನಾಬಾದ್ ಕಡೆಗೆ ಹೋಗುವ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ.

ನಾನು ಹಾಗೆ ಹೋದದ್ದು ದೊಡ್ಡ ಉಪಕಾರವೇನಲ್ಲ. ನನ್ನ ಬಾಯಲ್ಲಿ ಈ ಹೊತ್ತು ನಾಲ್ಕು ಮಾತು ನೆಟ್ಟಗೆ ಬರುತ್ತಿದ್ದರೆ ಅದು ಆ ಮನೆಯ ಅನ್ನ. ಸಣ್ಣವಳಿದ್ದಾಗ ಕಾಕಾ ನನ್ನನ್ನು ಎಣ್ಣೆಗೋ ಬೆಲ್ಲಕ್ಕೋ ಅಂಗಡಿಗೆ ಕಳಿಸಿ, ಬಂದ ಮೇಲೆ ಸಾಮಾನು ಇಳಿಸುವ ಮೊದಲು ದಾರಿಯಲ್ಲಿ ಕಂಡದ್ದನ್ನು ಹೇಳಿಸುತ್ತಿದ್ದರು. ಒಂದು ಎಮ್ಮೆ ನಿಂತಿತ್ತು ಎಂದರೆ ಸಾಲದು. ಅದು ಹೇಗೆ ನಿಂತಿತ್ತು, ಯಾರ ಬಾಗಿಲಿಗೆ ಅಡ್ಡ ನಿಂತಿತ್ತು, ಆ ಮನೆಯವರು ಏನೆಂದು ಬೈದರು, ಎಲ್ಲ ಬೇಕು. ಬೈಗುಳವನ್ನು ಬಿಟ್ಟು ಹೇಳಿದರೆ ಕಾಕು ಒಳಗಿನಿಂದಲೇ ಅದನ್ನು ತುಂಬಿಸುತ್ತಿದ್ದಳು. ಅವರಿಬ್ಬರ ನಡುವೆ ನಿಂತು ನಾನು ಮಾತು ಕಲಿತೆ.

ಹೋಗಿ ನೋಡಿದೆ. ಗೋಡೆಯ ಪ್ಲಗ್ಗಿಗೆ ಟೇಬಲ್ ಫ್ಯಾನು ಹಚ್ಚಿದರೆ ಅದು ತಿರುಗಿತು, ಅಂದರೆ ಕರೆಂಟಿನ ತಪ್ಪಲ್ಲ. ಚಾರ್ಜರಿನ ಡಬ್ಬಿಯ ಮೇಲಿನ ಹಸಿರು ದೀಪ ಹತ್ತಿತ್ತು, ಅಂದರೆ ಅದೂ ಸರಿ. ಆದರೆ ಯಂತ್ರದ ಪಕ್ಕದ ತೂತಿಗೆ ವೈರಿನ ಪಿನ್ನು ಸಿಕ್ಕಿಸಿದರೆ, ತೂತಿನ ಬಳಿ ಗೋಡೆಯ ಕಡೆಗಿದ್ದ ಯಂತ್ರದ ಸಣ್ಣ ದೀಪ ಕಣ್ಣು ಹೊಡೆಯುತ್ತಿತ್ತು. ವೈರನ್ನು ಮೇಲಕ್ಕೆತ್ತಿದರೆ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ಬ್ಯಾಟರಿ ಬಿಚ್ಚಿ ಬರೀ ವೈರಿನ ಮೇಲೆ ಓಡಿಸಿದರೆ ನಡೆಯಿತು, ಆದರೆ ಕಾಕಾ ಮೊಣಕೈ ಆಡಿಸಿದೊಡನೆ ಸತ್ತಿತು. ಬ್ಯಾಟರಿ ಹಾಕಿದರೆ ವೈರು ಹಚ್ಚಿದೆ, ಚಾರ್ಜು ಆಗುತ್ತಿಲ್ಲ ಎಂದಷ್ಟೇ ಹೇಳಿತು. ರೋಗ ಒಂದೇ ಎಂದು ನಾನು ತಿಳಿದೆ. ಅದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಇನ್ನೂ ದೊಡ್ಡದು. ಟಾರ್ಚು ಬಿಟ್ಟು ನೋಡಿದಾಗ ಆ ತೂತಿನ ಬಾಯಿಯ ಸುತ್ತ ಬೆಳ್ಳಗೆ ಏನೋ ಹತ್ತಿದ್ದು ಕಂಡಿತು. ಜೋಳದ ಹಿಟ್ಟು ಎಂದು ತೀರ್ಪು ಕೊಟ್ಟುಬಿಟ್ಟೆ. ಕಾಕು ರೊಟ್ಟಿ ಬಡಿಯುವ ಕಟ್ಟೆ ಕಾಕಾನ ಮೇಜಿಗೆ ಎದುರೇ ಇದೆ. ಹಿಟ್ಟು ಹಾರಿ ಒಳಗೆ ಕೂತಿದೆ ಕಾಕು, ಸ್ವಲ್ಪ ದೂರ ಬಡಿಯಬಾರದೇ ಎಂದೆ. ಕಾಕು ಮರುದಿನದಿಂದ ಒಲೆ, ಕೊಣಮಿಗೆ ಎಲ್ಲವನ್ನೂ ಹಿತ್ತಲಿಗೆ ಸಾಗಿಸಿ, ಬಿಸಿಲಲ್ಲಿ ಕೂತು ರೊಟ್ಟಿ ಮಾಡತೊಡಗಿದಳು. ಕೊಣಮಿಗೆ ಎಂದರೆ ಹಿಟ್ಟು ನಾದುವ ನಮ್ಮ ಕಡೆಯ ಮರದ ಪಾತ್ರೆ, ಹೊರುವುದೂ ಸುಲಭವಲ್ಲ.

ಆ ಭಾನುವಾರವೇ, ನಾನು ಕೂಡುತ್ತೇನೆ, ನೀವು ಹೇಳಿ ಬರೆಸಿ ಎಂದು ಕಾಕಾನ ಎದುರು ನೋಟುಪುಸ್ತಕ ಹಿಡಿದು ಕೂತೆ. ಅವರು ಗಂಟಲು ಸರಿಮಾಡಿಕೊಂಡು ಒಂದು ವಾಕ್ಯ ಹೇಳಿದರು: 'ಆಕೆ ಈ ಮನೆಗೆ ಬಂದ ವರ್ಷ ನಾನು ಆಕೆಯ ಮುಖವನ್ನು ಸರಿಯಾಗಿ ನೋಡಿರಲಿಲ್ಲ.' ಎರಡನೆಯ ವಾಕ್ಯದ ಅರ್ಧಕ್ಕೆ ಕಾಕು ನೀರಿನ ತಂಬಿಗೆ ಹಿಡಿದು ಒಳಗೆ ಬಂದಳು. ಕಾಕಾ ಹೇಳುವುದನ್ನು ನಿಲ್ಲಿಸಿದರು. ಆಕೆ ಹೋದ ಮೇಲೂ ಶುರು ಮಾಡಲಿಲ್ಲ.

"ಬಿಡು ಯವ್ವಾ" ಎಂದರು. "ನಿನ್ನ ಮುಂದ ಹೇಳೂದಾಗಿದ್ರ ಎಂದೋ ಅಕಿ ಮುಂದನ ಹೇಳ್ತಿದ್ದೆ. ಒಬ್ಬಾಂವನ ಕುಂತು ಬರೀಬೇಕು ಇದು."

ಆಗ ನನಗೆ ಎಲ್ಲವೂ ತಿಳಿಯಿತು. ದನಿ ಯಾಕೆ ಬಂದ್ ಮಾಡಿದ್ದರು, ಆ ಒಂದು ತಾಸಿನಲ್ಲಿ ಹೋದದ್ದು ಏನು ಎಂಬುದು. ಕಾಕುವಿಗಾಗಿ ಏನನ್ನೋ ಬರೆಯಬೇಕೆಂದು ಕೂತ ಮನುಷ್ಯ, ಕಾಕುವಿನ ಎದುರೇ, ಆಕೆ ಸೊಪ್ಪು ಸೋಸುವ ಸಪ್ಪಳ ಕೇಳುತ್ತ, ಗಾಳಿಯ ಮೇಲೆ ಬರೆದು ಮುಗಿಸಿದ್ದರು. ಬರೆದದ್ದು ಮತ್ತೆ ಹಾಗೇ ಬರುವುದಿಲ್ಲ. ಆದರೆ ಬರೆಯಲು ಮತ್ತೊಮ್ಮೆ ಕೂಡಲಾದರೂ ಬರಬೇಕಲ್ಲ.

ಹಳೆಯದನ್ನು ಎತ್ತಿಕೊಂಡು, ನನ್ನ ಹೊಸ ಲ್ಯಾಪ್‌ಟಾಪನ್ನೇ ಬಿಟ್ಟು ಬಂದೆ. ಮೂರು ದಿನಕ್ಕೆ ವಾಪಸು ಬಂತು. ಅದರ ಕೀಲಿಗಳು ಸಪಾಟು. ರೊಟ್ಟಿಯ ಹಂಚಿನ ಮೇಲೆ ಕೈಯಾಡಿಸಿದಂತೆ ಆಗುತ್ತದೆ, ಯಾವ ಅಕ್ಷರ ಎಲ್ಲಿ ಮುಗಿಯಿತು ತಿಳಿಯುವುದಿಲ್ಲ ಎಂದರು. ಹಳೆಯದರ ಕೀಲಿಗಳು ಒಂದೊಂದೂ ಗಟ್ಟಿ, ಆಳ, ನಡುವೆ ಸಂದು. ಆ ಸಂದುಗಳೇ ಅವರ ದಾರಿ.

ಹಳೆಯದನ್ನೇ ಚೀಲಕ್ಕೆ ಹಾಕಿಕೊಂಡು ಕಲಬುರಗಿಯ ಪೇಟೆಯಲ್ಲಿ ದೊಡ್ಡದೊಂದು ಅಂಗಡಿಗೆ ಹೋದೆ. ಅಲ್ಲಿಯವರು ಮುಚ್ಚಳವನ್ನೂ ತೆರೆಯದೆ, ಮೇಡಂ ಇದರ ಬ್ಯಾಟರಿ ಈಗ ಬರೋದಿಲ್ಲ, ಗುಜರಿಗೆ ಹಾಕಿ ಎಂದರು. ಹೊರಗೆ ನಿಂತಿದ್ದ ಆಟೋದವರು ನನ್ನ ಮುಖ ನೋಡಿ ಸಂಗತಿ ಕೇಳಿ, ರೋಜಾ ಬಡಾವಣೆಯಲ್ಲಿ ಒಬ್ಬ ಉಸ್ತಾದರಿದ್ದಾರೆ, ಮೊದಲು ರೇಡಿಯೋ ಮಾಡುತ್ತಿದ್ದರು, ಈಗ ಏನು ಕೊಟ್ಟರೂ ಬಿಚ್ಚುತ್ತಾರೆ ಎಂದು ಕರೆದುಕೊಂಡು ಹೋದರು.

ದರ್ಗಾದ ಹತ್ತಿರದ ಸಂದಿಯಲ್ಲಿ, ಒಂದು ಲಾಡ್ಜಿನ ಮೆಟ್ಟಿಲ ಕೆಳಗೆ ಅವರ ಅಂಗಡಿ. ಬಿಳಿ ಗಡ್ಡ, ಹಣೆಯ ಮೇಲೆ ಏರಿಸಿದ ಭೂತಕನ್ನಡಿ. ಅವರು ಯಂತ್ರವನ್ನು ನೋಡುವ ಮೊದಲು ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ, ಯಾರು ಬಳಸುತ್ತಾರೆ, ಎಲ್ಲಿ ಇಡುತ್ತಾರೆ, ದಿನಾ ಮೊದಲು ಏನು ಮಾಡುತ್ತಾರೆ ಎಂದು ವೈದ್ಯರು ನಾಡಿ ಹಿಡಿದು ಕೇಳುವಂತೆ ಕೇಳಿದರು. ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳಿ ರೂಢಿಯಿದ್ದ ನಾನು ಉದ್ದಕ್ಕೆ ಹೇಳಿದೆ. ಅವರು ಅರ್ಧಕ್ಕೆ ತಡೆಯಲಿಲ್ಲ. ಸಾಮಾನು ರಿಪೇರಿ ಮಾಡುವವರಲ್ಲಿ ಅಂಥ ಕಿವಿ ನಾನು ಕಂಡದ್ದು ಕಡಿಮೆ.

ಮೀಟರಿನ ಎರಡು ಕಡ್ಡಿಗಳನ್ನು ಚಾರ್ಜರಿನ ಪಿನ್ನಿಗೆ ಹಿಡಿದರು. ಅದು ಎಷ್ಟು ಕೊಡಬೇಕೋ ಅಷ್ಟು ಕೊಡುತ್ತಿತ್ತು. ಆಮೇಲೆ ಭೂತಕನ್ನಡಿ ಇಳಿಸಿ, ತೆಳ್ಳನೆಯ ಸೂಜಿಯಿಂದ ಆ ತೂತಿನೊಳಗೆ ಕೆರೆದು, ಬಂದದ್ದನ್ನು ಕರಿ ಕಾಗದದ ಮೇಲೆ ಉದುರಿಸಿದರು. ಚಿಟಿಕೆಯಷ್ಟು ಬಿಳಿ ಪುಡಿ, ಸುಣ್ಣದ ಹಕ್ಕಳೆಯಂತೆ ಗಟ್ಟಿಯಾದದ್ದೂ ಇತ್ತು. ಜೋಳದ ಹಿಟ್ಟು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕಾಗದವನ್ನು ನನ್ನ ಕಡೆ ಸರಿಸಿದರು.

"ಹಿಟ್ಟಾದ್ರ ಹುಳಾ ಬೀಳ್ತಾವ ಅಕ್ಕಾ, ಇಲ್ಲಾಂದ್ರ ಕಪ್ಪಾಗ್ತದ. ಇದು ಸಾಫ್ ಬೂದಿ. ಮೂಸಿ ನೋಡ್ರಿ."

ಮೂಸಿದೆ. ವಿಭೂತಿ.

ಕಣ್ಣ ಮುಂದೆ ಕಾಕಾನ ಬೆಳಗು ಬಂದು ನಿಂತಿತು. ಸ್ನಾನ, ಲಿಂಗಪೂಜೆ, ಹಣೆಗೆ ಮೂರು ಬೆರಳಿನ ವಿಭೂತಿ, ಒಂದು ಬಟ್ಟಲು ಚಹಾ, ಆಮೇಲೆ ನೇರ ಮೇಜು. ಕಮಲಾಪುರದಲ್ಲಿ ಕರೆಂಟು ಏರಿಳಿಯುತ್ತದೆ ಎಂದು ರಾತ್ರಿ ವೈರು ತೆಗೆದಿಡುವುದು ಅವರ ಶಿಸ್ತು. ಬೆಳಗ್ಗೆ ಮತ್ತೆ ಹಚ್ಚಬೇಕು. ಕಣ್ಣಿದ್ದವರು ನೋಡಿ ಸಿಕ್ಕಿಸುತ್ತೇವೆ. ಅವರು ಮೊದಲು ಬೆರಳ ತುದಿಯಿಂದ ತೂತನ್ನು ಹುಡುಕಿ, ಬೆರಳನ್ನು ಅಲ್ಲೇ ಇಟ್ಟು, ಅದರ ಪಕ್ಕದಿಂದ ಪಿನ್ನು ತೂರಿಸುತ್ತಾರೆ. ಅದೇ ವಿಭೂತಿಯ ಬೆರಳು. ದಿನಕ್ಕೆ ಒಂದು ಕಣ, ಅದರ ಮೇಲೆ ಬೆವರಿನ ಪಸೆ, ಅದರ ಮೇಲೆ ಪಿನ್ನಿನ ಒತ್ತು. ಎಷ್ಟು ವರ್ಷ.

ಇದನ್ನೆಲ್ಲ ಹೇಳಿದಾಗ ಉಸ್ತಾದರು ನಗಲಿಲ್ಲ. ಸೂಜಿ ಒರೆಸಿಕೊಂಡು ಅಷ್ಟೇ ಅಂದರು: "ಪೂಜಾ ಮ್ಯಾಲ ಮಾಡ್ಲಿ, ಛಲೋನ. ಸೂರಾಖ್‌ನ್ಯಾಗ ಬ್ಯಾಡಂತ ಹೇಳ್ರಿ." ಸೂರಾಖ್ ಎಂದರೆ ತೂತು. ಆಮೇಲೆ ನಾನೇ ನಕ್ಕೆ, ಅವರೂ ನಕ್ಕರು. ಆ ಬೂದಿಯ ಕಾಗದವನ್ನು ಮಾತ್ರ ಕಸದ ಬುಟ್ಟಿಗೆ ಹಾಕಲಿಲ್ಲ. ಮಡಚಿ ನನ್ನ ಕೈಗೆ ಕೊಟ್ಟರು, ಗಿಡದ ಬುಡಕ್ಕೆ ಹಾಕಿ ಎಂದರು.

ತೂತು ಚೊಕ್ಕಟವಾದ ಮೇಲೆ ಯಂತ್ರದ ದೀಪ ಮಿಣುಕದೆ ನಿಂತಿತು. ಚಾರ್ಜು ಮಾತ್ರ ಏರಲಿಲ್ಲ. ಆಗ ಅವರು ಎರಡು ಬೆರಳೆತ್ತಿ ರೋಗ ಎರಡು ಎಂದರು. ವೈರು ಬಿಟ್ಟು ಬಿಟ್ಟು ಹಿಡಿಯುತ್ತಿದ್ದುದು ಒಂದು. ವೈರು ಬಿಟ್ಟಾಗ ಯಂತ್ರವನ್ನು ಹಿಡಿದು ನಿಲ್ಲಿಸಬೇಕಾದ ಬ್ಯಾಟರಿ ಮುದಿಯಾಗಿ ಕೈಬಿಟ್ಟದ್ದು ಇನ್ನೊಂದು. ಎರಡೂ ಕೂಡಿದ ಗಳಿಗೆಯಲ್ಲಿ ಅದು ಸದ್ದಿಲ್ಲದೆ ಸಾಯುತ್ತದೆ. ಬ್ಯಾಟರಿಯ ಡಬ್ಬಿಯನ್ನು ಸಂದಿಯಗುಂಟ ತೆಳ್ಳನೆಯ ಬ್ಲೇಡಿನಿಂದ ಬಿಡಿಸಿದರು. ಒಳಗೆ ಟಾರ್ಚಿನ ಸೆಲ್ಲಿನಂಥ ಆರು ಸೆಲ್ಲುಗಳು ಜೋಡಿ ಜೋಡಿಯಾಗಿ ಮಲಗಿದ್ದವು. ಒಂದು ಜೋಡಿ ಪೂರ್ತಿ ಹೋಗಿತ್ತು. ಅದೊಂದನ್ನೇ ಬದಲಿಸಲಾಗದೇ ಎಂದು ಕೇಳಿದೆ. ಆಗದು, ಹಳೆಯವು ಹೊಸವನ್ನು ಎಳೆದು ಹಾಕುತ್ತವೆ, ಆರಕ್ಕೆ ಆರೂ ಹೊಸದೇ ಆಗಬೇಕು ಎಂದರು.

ಅಷ್ಟರಲ್ಲಿ ಅಜಾನ್ ಆಯಿತು. ನಮಾಜಿಗೆ ಹೋಗಿ ಬರುವವರೆಗೆ ಅಂಗಡಿ ನೋಡಿಕೊಳ್ಳಿ ಎಂದು ನನಗೆ ಹೇಳಿ ನಡೆದೇಬಿಟ್ಟರು. ಪರಿಚಯವಾಗಿ ಇನ್ನೂ ಎರಡು ತಾಸಾಗಿರಲಿಲ್ಲ. ಮಿಕ್ಸರ್ ಹಿಡಿದು ಬಂದ ಹೆಂಗಸೊಬ್ಬಳು ನನ್ನನ್ನೇ ಮಾಲಕಳೆಂದು ತಿಳಿದು, ಹೋದ ಸಲ ನೀವು ಹಾಕಿದ ಬ್ಲೇಡು ಸರಿಯಿಲ್ಲ ಎಂದು ಜಗಳಕ್ಕೆ ನಿಂತಳು. ನಾನು ಉಸ್ತಾದರ ಪರವಾಗಿ ಎಲ್ಲ ತಪ್ಪನ್ನೂ ಒಪ್ಪಿಕೊಂಡೆ. ಬಂದ ಮೇಲೆ ಅವರಿಗೆ ಹೇಳಿದರೆ, ಆ ಮಿಕ್ಸರನ್ನು ತಾವು ಮುಟ್ಟಿಯೇ ಇಲ್ಲ ಎಂದರು.

ಆರೂ ಹೊಸ ಸೆಲ್ಲುಗಳನ್ನು ಬೆಸೆದು ಡಬ್ಬಿ ಮುಚ್ಚಿದ ಮೇಲೆ, ಕೊನೆಗೆ ಇನ್ನೊಂದು ಕೆಲಸ ಮಾಡಿದರು, ನಾನು ಕೇಳದೆಯೇ. ಯಂತ್ರದ ತೂತಿಗೆ ಗೇಣುದ್ದದ ಒಂದು ವೈರನ್ನು ಕಾಯಮ್ಮಾಗಿ ಬೆಸೆದು, ಅದರ ಹೊರತುದಿಗೆ ಹೆಬ್ಬೆರಳು ಗಾತ್ರದ ಒಂದು ಜೋಡಣೆ ಇಟ್ಟರು. ಒಂದು ಬದಿ ಚಪ್ಪಟೆ, ಒಂದು ಬದಿ ದುಂಡಗೆ. ಚಪ್ಪಟೆಗೆ ಚಪ್ಪಟೆ ಕೂಡಿಸಿ ಒತ್ತಿದರೆ ಆಯಿತು. ತೂತು ಹುಡುಕುವ ಮಾತೇ ಇಲ್ಲ. ಕಣ್ಣು ಮುಚ್ಚಿಕೊಂಡು ತಾವೇ ನಾಲ್ಕೈದು ಸಲ ಹಚ್ಚಿ ಬಿಡಿಸಿ ನೋಡಿದರು. ಅವರು ತಗೊಂಡ ಕೂಲಿ ಅವರ ಕೆಲಸಕ್ಕೆ ಸರಿಹೋಯಿತು, ಆ ಕಣ್ಣು ಮುಚ್ಚಿದ್ದಕ್ಕೆ ನಾನು ಏನೂ ಕೊಡಲಿಲ್ಲ, ಕೊಡಲು ಬರುವಂಥದ್ದೂ ಅಲ್ಲ.

ಮನೆಯಲ್ಲಿ ನಾನೊಂದು ಕೆಲಸ ಮಾಡಿದೆ. ಚಾರ್ಜು ಕಡಿಮೆಯಾದಾಗ ಯಂತ್ರ ತಾನಾಗಿ ಕೂಗುವ ಏರ್ಪಾಡು ಅದರಲ್ಲಿ ಮೊದಲಿನಿಂದ ಇತ್ತು. ತೆರೆ ಕಪ್ಪು ಮಾಡಿದ ದಿನ ಅದನ್ನೂ ನಾನೇ ಬಂದ್ ಮಾಡಿದ್ದೆ. ಅದನ್ನು ಮತ್ತೆ ತೆರೆದೆ. ಓದುವ ದನಿ ಬಂದ್ ಇದ್ದರೂ ಆ ಕೂಗು ಕೇಳುತ್ತದೆ. ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ, ಪೂರ್ತಿ ತುಂಬಿ, ಮತ್ತೆ ಖಾಲಿ ಮಾಡಿ ನೋಡಿದೆ. ವೈರಿಲ್ಲದೆ ಎರಡು ತಾಸಿನ ಮೇಲೆ ನಡೆಯಿತು.

ಮುಂದಿನ ಭಾನುವಾರ ಕಮಲಾಪುರಕ್ಕೆ ಒಯ್ದೆ. ತೊಗರಿ ಹಸಿಕಾಯಿಗೆ ಬಂದಿತ್ತು. ವಿಭೂತಿಯ ಸಂಗತಿಯನ್ನು ಕಾಕಾನಿಗೆ ಹೇಗೆ ಹೇಳುವುದು ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೇಳಿದೆ. ಅವರು ತಮ್ಮ ಬಲಗೈ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿಕೊಂಡರು.

"ಹಂಗಾರ ಇಷ್ಟು ವರ್ಷ ನಾ ಅದಕ್ಕ ದಿನಾ ದೀಕ್ಷಾ ಕೊಟ್ಟೀನಿ ಅನ್ನು" ಎಂದರು.

ಕಾಕು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಆಕೆಯ ಹತ್ತಿರ ಹೋಗಿ, ತಪ್ಪಾಯಿತು ಕಾಕು, ಹಿಟ್ಟಲ್ಲ ಅದು, ಒಲೆಯನ್ನು ಒಳಗೆ ತಂದುಬಿಡು ಎಂದೆ. "ನಿಮ್ಮ ಕಾಕಾನ ದೀಕ್ಷಾಕ್ಕ ನಂಗ ಬಿಸಿಲಿನ್ಯಾಗ ಕೂಡಿಸಿದಿ" ಎಂದು ನನ್ನ ಗಲ್ಲ ಹಿಂಡಿ, ಕೊಣಮಿಗೆಯ ಒಂದು ಬದಿಯನ್ನು ನನಗೆ ಹಿಡಿಸಿದಳು. ಇಬ್ಬರೂ ಕೂಡಿ ಒಳಗೆ ತಂದಿಟ್ಟೆವು.

ಉಸ್ತಾದರು ಬೆಸೆದ ವೈರಿನ ಬಾಲವನ್ನು ಕಾಕಾನ ಕೈಗೆ ಕೊಟ್ಟೆ. ಚಪ್ಪಟೆಗೆ ಚಪ್ಪಟೆ ಒಂದೇ ಸಲಕ್ಕೆ ಕೂಡಿತು. ಯಂತ್ರ ಎದ್ದು ಮೂಗಿನ ದನಿಯಲ್ಲಿ ಸ್ವಾಗತ ಹೇಳಿತು. ಕಾಕಾ ಎಳ್ಳಿನ ಕಾಳುಗಳನ್ನು ತಡವಿ ನೋಡಿ, ಅಂಗೈಯನ್ನು ಅದರ ಹೊಟ್ಟೆಗೆ ಹಚ್ಚಿ ಬಿಸಿ ನೋಡಿ, ಆಮೇಲೆ ದನಿಯನ್ನು ಬಂದ್ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಏನಾದರೂ ಬೇಕೇನೋ, ಹೇಗೆ ನಡೆಯುತ್ತದೋ ನೋಡೋಣ ಎಂದು.

"ಯವ್ವಾ, ಇನ್ನೂ ಇಲ್ಲೇ ಅದಿ?"

"ಅದೀನಿ ಕಾಕಾ."

"ಹೋಗು ಹೊರಗ. ಬಾಗಲಾ ಮುಂದಕ್ಕ ಮಾಡು."

ನನಗೆ ಅಷ್ಟು ಸಂತೋಷ ಯಾವ ಸತ್ಕಾರದಿಂದಲೂ ಆಗಿಲ್ಲ. ಕಣ್ಣು ಹೋದಾಗಿನಿಂದ ಆ ಮನುಷ್ಯನನ್ನು ನಮ್ಮಲ್ಲಿ ಯಾರಾದರೊಬ್ಬರು ಕೈಹಿಡಿದು ನಡೆಸಿದ್ದೇವೆ, ಕಾಗದ ಓದಿ ಹೇಳಿದ್ದೇವೆ, ಸಹಿಯ ಜಾಗಕ್ಕೆ ಬೆರಳು ಇಟ್ಟು ತೋರಿಸಿದ್ದೇವೆ. ಅವರಿಗೆ ನನ್ನ ಅಗತ್ಯವೇ ಇಲ್ಲದ ಒಂದು ಕೋಣೆ ಆ ಹೊತ್ತು ಅವರಿಗೆ ಸಿಕ್ಕಿತು. ಬಾಗಿಲು ಎಳೆದು ಮುಚ್ಚಿ ಪಡಸಾಲೆಗೆ ಬಂದೆ.

ಕಾಕು ಹಸಿ ತೊಗರಿಯ ಕಾಯಿ ಸುರಿದುಕೊಂಡು ಸುಲಿಯುತ್ತ ಕೂತಿದ್ದಳು. ನಾನೂ ಎದುರಿಗೆ ಕೂತೆ. ಒಳಗಿನಿಂದ ಕೀಲಿಗಳ ಸಪ್ಪಳ ಬರುತ್ತಿತ್ತು, ಮೊದಲು ತಡೆದು ತಡೆದು, ಆಮೇಲೆ ಬೇಗ. ಏನು ಬರೆಯುತ್ತಿದ್ದಾರೆ ಎಂದು ಆಕೆ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ನಡುವೆ ಒಮ್ಮೆ ಸಪ್ಪಳ ನಿಂತಿತು. ಕಾಕುವಿನ ಕೈಯೂ ನಿಂತಿತು. ಅರ್ಧ ಸುಲಿದ ಕಾಯಿಯನ್ನು ಹಾಗೇ ಹಿಡಿದುಕೊಂಡು ಆಕೆ ಬಾಗಿಲ ಕಡೆಗೆ ತಲೆ ವಾಲಿಸಿ ಕೂತಳು.

ಮತ್ತೆ ಶುರುವಾಯಿತು. ಕಾಕು ಆ ಕಾಯಿಯ ಮೂರು ಕಾಳುಗಳನ್ನು ಬುಟ್ಟಿಗೆ ಉದುರಿಸಿ, ಇನ್ನೊಂದನ್ನು ಎತ್ತಿಕೊಂಡಳು.